ಕ್ಯಾರಿಯ ಹೆರಿಗೆ ವಾರ್ಡಿನಲ್ಲಿ ನಾನು ಮಾಡಿದ ಕಾನೂನುಗಳು

ಅಮೆರಿಕದ ಆಸ್ಪತ್ರೆಯೊಂದರಲ್ಲಿ ನಾನು ಬಿಟ್ಟುಬಂದ ಕುರ್ಚಿಗೆ ಈಗ ಹಾಸನದ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದಾಳೆ. ಈಚೆಗೆ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಾಗ, "ಅಂಕಲ್, ಮಕ್ಕಳ ಹೆಸರಿಗೆ ಏನೇನು ರೂಲ್ಸ್ ಇದೆ ಅಂತ ಒಂದ್ಸಲ ಹೇಳ್ಕೊಡಿ. ನಮ್ಮ ಕನ್ನಡದೋರು ಬಂದಾಗೆಲ್ಲ ನೀವು ಹೇಳಿದ ರೂಲ್ಸ್ ಹೇಳ್ತಾರೆ. ನಾನು ಹುಡುಕಿದ್ರೆ ಅವು ಎಲ್ಲೂ ಸಿಕ್ತಿಲ್ಲ," ಅಂದಳು.

ಸಿಗುವುದಿಲ್ಲ. ಅವುಗಳಲ್ಲಿ ಮುಕ್ಕಾಲು ಪಾಲು ನಾನೇ ಮಾಡಿದವು.

ಅದನ್ನು ಅಲ್ಲೇ ಮೆಂತ್ಯ ಸೊಪ್ಪಿನ ಮುಂದೆ ನಿಂತು ಹೇಳಲು ಬಾಯಿ ಬರಲಿಲ್ಲ. "ಬರೆದು ಕೊಡ್ತೀನಮ್ಮ" ಎಂದು ತಪ್ಪಿಸಿಕೊಂಡೆ. ಈಗ ಬರೆಯಲು ಕೂತಿದ್ದೇನೆ. ಈ ಕೆಲಸಕ್ಕೆ ಸೇರುವ ಬೇರೆಯವರೂ ಓದಲಿ. ಇದರಲ್ಲಿ ನಗು ಬರುವ ಸಂಗತಿಗಳು ಕೆಲವಿವೆ, ನಗಬಹುದು. ಆದರೆ ಇಂಚರಾ ಎಂಬ ಮಗುವಿಗೆ ಅವಳ ತಾಯಿ ಇಡಬೇಕೆಂದಿದ್ದ ಹೆಸರನ್ನು ನಾನು ಸುಳ್ಳು ಹೇಳಿ ತಪ್ಪಿಸಿದೆ. ಅದನ್ನು ಹೇಳದೆ ಉಳಿದದ್ದನ್ನು ಮಾತ್ರ ಹೇಳಿದರೆ ಇದೂ ಒಂದು ಸುಳ್ಳಾಗುತ್ತದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮಂಡ್ಯದ ಕಡೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಸುವಾನಿಯಲ್ಲಿದ್ದ ಅಕ್ಕ ಹಾಕಿದ ಅರ್ಜಿ ಬಹಳ ವರ್ಷ ಕೊಳೆತು, ಕೊನೆಗೊಮ್ಮೆ ಗ್ರೀನ್ ಕಾರ್ಡ್ ಬಂದಾಗ ನನ್ನ ಕೂದಲು ಬೆಳ್ಳಗಾಗಿತ್ತು. ಅಲ್ಲೇ ಗ್ಯಾಸ್ ಸ್ಟೇಷನ್, ಅಂದರೆ ಪೆಟ್ರೋಲ್ ಬಂಕಿನ ಗಲ್ಲಾದಲ್ಲಿ ಕೆಲವು ವರ್ಷ ನಿಂತೆ. ಆಮೇಲೆ ಮಗಳ ಸಂಸಾರದ ಹಿಂದೆ ನಾರ್ತ್ ಕ್ಯಾರೊಲೈನಾದ ಕ್ಯಾರಿಗೆ ಬಂದೆ. 2020ರ ಆರಂಭದಲ್ಲಿ ಇಲ್ಲಿನ ಒಂದು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಹುಟ್ಟಿದ ಮಗುವಿನ ಹೆಸರು, ತಾಯಿತಂದೆಯ ವಿವರ ಕೇಳಿ ಜನನ ಪತ್ರಕ್ಕಾಗಿ ಕಂಪ್ಯೂಟರಿಗೆ ಹಾಕುವುದು. ಹೈಸ್ಕೂಲು ಮುಗಿಸಿದ್ದರೆ ಸಾಕು. ಕೊರಳಿಗೆ ಬ್ಯಾಡ್ಜ್ ಹಾಕಿದರು. ಕಂಡಕ್ಟರ್ ಆಗಿದ್ದವನಿಗೆ ಬ್ಯಾಡ್ಜ್ ಹಾಕಬಾರದು ಎಂಬುದು ಅವರಿಗೆ ಗೊತ್ತಿರಲಿಲ್ಲ.

ನನ್ನ ಮೇಲಧಿಕಾರಿ ಮಿಸ್ ವರ್ನೆಟಾ. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ಕಪ್ಪು ಹೆಂಗಸು, ನನಗಿಂತ ಚಿಕ್ಕವಳು, ನನಗಿಂತ ಎರಡರಷ್ಟು ಗಟ್ಟಿ. ಇಲ್ಲಿ ಗೌರವಕ್ಕೆ ಮಿಸ್ ಎಂದು ಸೇರಿಸಿ ಮೊದಲ ಹೆಸರು ಕರೆಯುತ್ತಾರೆ. ಅವಳು ನನಗೆ ಕೆಲಸ ಕಲಿಸಿದ್ದು ಒಂದು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ.

"ಹೆಸರಲ್ಲಿ ಅಂಕಿ ಬೇಡ, ಚಿತ್ರ ಬೇಡ, ಇಂಗ್ಲಿಷ್ ಅಕ್ಷರ ಮಾತ್ರ. ಕೊನೆಯ ಹೆಸರು ಮಾಮೂಲಾಗಿ ಗಂಡನದು. ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ಯಾವುದು ಬೇಕಾದರೂ ಇಡಬಹುದು. ಮುಗೀತು, ಮಿಸ್ಟರ್ ನಂಜುಂಡ."

"ಇಷ್ಟೇನಾ?"

"ಇಷ್ಟೇ. ಅವರು ಹೇಳೋದನ್ನ ನೀನು ಬರಿ. ನಿನಗೆ ಇಷ್ಟ ಆಗದಿದ್ದರೆ ಮನೆಗೆ ಹೋಗಿ ಹೆಂಡತಿ ಹತ್ರ ಹೇಳ್ಕೊ."

ನಿಯಮ ಇಷ್ಟು ಚಿಕ್ಕದು ಎಂದು ತಿಳಿದು ನನಗೆ ನಿರಾಸೆಯೇ ಆಯಿತು. ಅಕ್ಕನ ಜಾರ್ಜಿಯಾದಲ್ಲಿ ಬೇರೆ ನಿಯಮ, ಜರ್ಮನ್‌ಟೌನಿನಲ್ಲಿರುವ ನನ್ನ ಷಡ್ಡಕನ ಮೇರಿಲ್ಯಾಂಡಿನಲ್ಲಿ ಇನ್ನೊಂದು. ಒಂದು ಗಡಿ ದಾಟಿ ಹೆತ್ತರೆ ಮಗುವಿಗೆ ಇಡಬಹುದಾದ ಹೆಸರೇ ಬೇರೆ. ಇಷ್ಟು ದೊಡ್ಡ ದೇಶದಲ್ಲಿ ನನ್ನ ಪಾಲಿಗೆ ಬಂದದ್ದು ಎರಡು ಸಾಲಿನ ಕಾನೂನು.

ಸೇರಿದ ಕೆಲವೇ ದಿನಕ್ಕೆ ಕೋವಿಡ್ ಬಂತು. ಕೋಣೆಗೆ ಹೋಗುವಂತಿಲ್ಲ. ಕೆಳಗಿನ ಕಚೇರಿಯಿಂದ ಬಾಣಂತಿಗೆ ಫೋನ್ ಮಾಡಿ ಹೆಸರು ಕೇಳಬೇಕು. ಅಮೆರಿಕನ್ನರು ಹೆಸರು ಸಿದ್ಧ ಮಾಡಿಕೊಂಡೇ ಬರುತ್ತಾರೆ. ಒಬ್ಬ ತಂದೆ ಮಗನ ಹೆಸರಿನ ನಡುವೆ ತನ್ನ ಫುಟ್‌ಬಾಲ್ ಅಂಗಿಯ ನಂಬರ್ ಹಾಕಬೇಕೆಂದು ಹಟ ಹಿಡಿದ. ಅಂಕಿ ಆಗುವುದಿಲ್ಲ ಅಂದೆ. "ಹಾಗಾದ್ರೆ ಅಕ್ಷರದಲ್ಲಿ ಬರ್ಕೊ" ಅಂದ. ಬರೆದುಕೊಂಡೆ. ಆ ಹುಡುಗ ಈಗ ಶಾಲೆಗೆ ಹೋಗುತ್ತಿರಬೇಕು.

ನಮ್ಮವರದು ಬೇರೆ ಲೋಕ. ಬಸಿರು ನಿಂತ ದಿನದಿಂದ ತೊಟ್ಟಿಲು, ಕಾರ್ ಸೀಟು, ಕಾಲೇಜು ಖರ್ಚಿನ ಖಾತೆ ಎಲ್ಲ ತೆರೆದಿರುತ್ತಾರೆ. ಹೆಸರು ಮಾತ್ರ ಇರುವುದಿಲ್ಲ. ಹುಟ್ಟಿದ ಗಳಿಗೆಯನ್ನು ವಾಟ್ಸಾಪಿನಲ್ಲಿ ಊರಿನ ಜೋಯಿಸರಿಗೆ ಕಳಿಸಿ, ನಕ್ಷತ್ರ ಬಂದು, ಅಕ್ಷರ ಬಂದು, ಆಮೇಲೆ ವಿಡಿಯೊ ಕಾಲಿನಲ್ಲಿ ಎರಡು ಕಡೆಯ ಅಜ್ಜಿ ತಾತ, ಸೋದರತ್ತೆ ಸೇರಿ ಸಭೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಕಳಿಸುವ ಸಮಯ. ನಾನು ಫೋನ್ ಮಾಡಿದರೆ ಹಿನ್ನೆಲೆಯಲ್ಲಿ ಇಡೀ ಮೈಸೂರು ಕೇಳಿಸುತ್ತಿತ್ತು.

"ಇವರಿಗೆ ಒಂಬತ್ತು ತಿಂಗಳು ಇತ್ತಲ್ಲ?" ಎಂದು ಮಿಸ್ ವರ್ನೆಟಾ ಒಮ್ಮೆ ಕೇಳಿದಳು.

"ನಕ್ಷತ್ರ ಗೊತ್ತಾಗೋದು ಹುಟ್ಟಿದ ಮೇಲೆ, ಮೇಡಂ."

"ಸರಿ. ಸಹಿ ಮಾಡೋಕೆ ನಕ್ಷತ್ರ ಬರುತ್ತಾ, ತಾಯಿ ಬರ್ತಾಳಾ?"

ನಗು ಬಂದರೂ ಮನಸ್ಸು ಕುಗ್ಗಿದ ಒಂದು ಪ್ರಸಂಗ ಇದೆ. ಚನ್ನಪಟ್ಟಣದ ಕಡೆಯ ಒಬ್ಬ ಸಾಫ್ಟ್‌ವೇರ್ ಹುಡುಗ. ಪಾಸ್‌ಪೋರ್ಟಿನಲ್ಲಿ ಬರೀ ಮಂಜುನಾಥ ಎಂದಿತ್ತು. ಮುಂದಿಲ್ಲ, ಹಿಂದಿಲ್ಲ. ಅಂಥವರಿಗೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಹಾಕುತ್ತಾರೆ. 'ಮೊದಲ ಹೆಸರು ಗೊತ್ತಿಲ್ಲ' ಎಂದು ಅದರ ಅರ್ಥ. ಅಲ್ಲಿಂದ ಅದು ಡ್ರೈವಿಂಗ್ ಲೈಸೆನ್ಸಿಗೆ ಬಂತು, ಬ್ಯಾಂಕಿಗೆ ಬಂತು. ಆಫೀಸಿನವರು ಆ ಮೂರು ಅಕ್ಷರ ಕೂಡಿಸಿ ಓದಿ ಅವನನ್ನು ಫನು ಎಂದು ಕರೆಯುತ್ತಿದ್ದರು. ಹುಟ್ಟುಹಬ್ಬದ ಕೇಕಿನ ಮೇಲೂ ಫನು.

"ಅಂಕಲ್, ಮಗಳ ಸರ್ಟಿಫಿಕೇಟಲ್ಲಿ ಅಪ್ಪನ ಹೆಸರು ಗೊತ್ತಿಲ್ಲ ಅಂತ ಬರುತ್ತಲ್ಲ. ದೊಡ್ಡವಳಾದ್ಮೇಲೆ ಏನಂತ ಹೇಳ್ಲಿ?" ಅಂದ.

ಫೋನಿನ ಆ ಕಡೆ ಹಾಸಿಗೆಯಿಂದ ಅವನ ಹೆಂಡತಿ, "ಗೊತ್ತಿಲ್ದೇನೇ ಮದ್ವೆ ಆದೆ ಅಂತ ನಾನ್ ಹೇಳ್ತೀನಿ ಬಿಡಿ" ಅಂದಳು. ಅವನು ನಗಲಿಲ್ಲ. ನಾನು ಬರೆದುಕೊಂಡದ್ದು ಫನು ಎಂದೇ. ಅದು ನಿಯಮ, ಅಲ್ಲಿ ನನ್ನ ತಪ್ಪಿಲ್ಲ.

ನನ್ನ ತಪ್ಪು ಶುರುವಾದದ್ದು 2021ರಲ್ಲಿ, ಕೋಣೆಗಳಿಗೆ ಮತ್ತೆ ಹೋಗಲು ಬಿಟ್ಟಾಗ. ಬೆಂಗಳೂರಿನ ಒಂದು ಜೋಡಿ ಮಗನಿಗೆ ರಾವಣ ಎಂದು ಇಡುತ್ತೇವೆ ಅಂದರು. ಹೊಸ ರೀತಿಯಲ್ಲಿ ಯೋಚಿಸುವವರು. ನನಗೆ ಹಿಡಿಸಲಿಲ್ಲ. ಬಾಯಿಂದ ತಾನಾಗಿ ಹೊರಟಿತು: "ಅದು ಈ ರಾಜ್ಯದಲ್ಲಿ ಆಗಲ್ಲಮ್ಮ. ರಾಕ್ಷಸರ ಹೆಸರು ಕಾನೂನಲ್ಲಿ ಇಲ್ಲ."

ನಗುತ್ತಾರೆ, ಅಂದುಕೊಂಡೆ. ಗಂಡ ಗಂಭೀರವಾಗಿ ಹೆಂಡತಿಯ ಮುಖ ನೋಡಿ, "ವೀಸಾಗೇನಾದ್ರೂ ಪ್ರಾಬ್ಲಮ್ ಆಗುತ್ತಾ ಅಂಕಲ್?" ಅಂದ.

"ಆಗಬಹುದು," ಅಂದೆ.

ಮಗುವಿಗೆ ಆರ್ಯನ್ ಎಂದು ಹೆಸರಾಯಿತು. ನಾರ್ತ್ ಕ್ಯಾರೊಲೈನಾ ರಾಜ್ಯವು ರಾಮಾಯಣ ಓದಿ ಕಾನೂನು ಮಾಡಿದೆ ಎಂದು ಎರಡು ಎಂಜಿನಿಯರಿಂಗ್ ಡಿಗ್ರಿಗಳು ನಂಬಿದವು. ಆ ದಿನ ನನಗೆ ಮಂಡ್ಯದ ಬಸ್ಸಿನಲ್ಲಿ ನಿಂತಂತಾಯಿತು. ಸೀಟಿ ಹಿಡಿದವನು ಗಟ್ಟಿಯಾಗಿ ಹೇಳಿದರೆ ಯಾರೂ ಎಲ್ಲಿ ಬರೆದಿದೆ ಎಂದು ಕೇಳುವುದಿಲ್ಲ. ವೀಸಾದ ಮೇಲಿರುವವರಂತೂ ಕೇಳುವುದೇ ಇಲ್ಲ. ಪಾಪ, ಅವರು ಪಾರ್ಕಿಂಗ್ ಜಾಗದ ಕಾವಲುಗಾರನನ್ನು ಕಂಡರೂ ಜೇಬಿನಲ್ಲಿ ಕಾಗದ ಮುಟ್ಟಿ ನೋಡಿಕೊಳ್ಳುವವರು.

ಆಮೇಲೆ ಕಾನೂನುಗಳು ಸಲೀಸಾಗಿ ಹುಟ್ಟತೊಡಗಿದವು. ಸಿನಿಮಾ ನಟರ ಹೆಸರು ಪೂರ್ತಿ ಇಡುವಂತಿಲ್ಲ. ನಾಯಿಗೆ ಇಡುವ ಹೆಸರು ಮಗುವಿಗೆ ಇಡುವಂತಿಲ್ಲ. ಅರ್ಥ ಹೇಳಲು ಬಾರದ ಹೆಸರನ್ನು ರಾಜ್ಯ ತಡೆಹಿಡಿಯುತ್ತದೆ. ಈ ಕೊನೆಯದನ್ನು ನಾನು ಬಹಳ ಬಳಸಿದೆ, ಯಾಕೆಂದರೆ ಆಗ ಎಲ್ಲರೂ ಇಂಟರ್ನೆಟ್ಟಿನಿಂದ ಯಾವ ಭಾಷೆಯದೂ ಅಲ್ಲದ ಹೆಸರು ತರುತ್ತಿದ್ದರು, ಕೇಳಿದರೆ ಸಂಸ್ಕೃತದಲ್ಲಿ ಬೆಳಕು ಅಂತ ಅರ್ಥ ಅನ್ನುತ್ತಿದ್ದರು. ಆ ಲೆಕ್ಕದಲ್ಲಿ ನಮ್ಮ ವಾರ್ಡಿಗೆ ದೀಪವೇ ಬೇಡವಾಗಿತ್ತು.

ಸುದ್ದಿ ಹರಡಿತು. ನಮ್ಮವರಲ್ಲಿ ನನ್ನನ್ನು ಹೆಸರು ಅಂಕಲ್ ಅನ್ನತೊಡಗಿದರು. ಹೆತ್ತವರಿಗಿಂತ ಹೆಚ್ಚಾಗಿ ನನ್ನನ್ನು ಹುಡುಕಿಕೊಂಡು ಬಂದವರು ಅಜ್ಜಿಯರು. ಬಾಣಂತನಕ್ಕೆಂದು ಊರಿನಿಂದ ಬಂದಿಳಿದ ವಾರದಲ್ಲೇ ಯಾರ ಮೂಲಕವೋ ನನ್ನ ನಂಬರ್ ಹಿಡಿಯುತ್ತಿದ್ದರು. "ನಂಜುಂಡಪ್ಪನೋರೆ, ನಮ್ ಸೊಸೆ ಏನೋ ಬಾಯಿಗೆ ಬಾರದ್ದು ಇಡ್ತಾಳಂತೆ, ನೀವೊಂಚೂರು ಕಾನೂನು ಹೇಳಿ." ನಾನು ಹೇಳುತ್ತಿದ್ದೆ. ಮನೆಗೆ ಚಕ್ಕುಲಿ ಬರುತ್ತಿತ್ತು, ಮೈಸೂರು ಪಾಕು ಬರುತ್ತಿತ್ತು. ಅದಕ್ಕಾಗಿ ಮಾಡಿದೆ ಎಂದರೆ ಸುಳ್ಳು. ಇಂಗ್ಲಿಷ್ ನೆಟ್ಟಗೆ ಬಾರದೆ, ಗ್ಯಾಸ್ ಸ್ಟೇಷನ್ನಿನಲ್ಲಿ ಎಲ್ಲರಿಗೂ ಸಾರಿ ಸಾರಿ ಅನ್ನುತ್ತ ವರ್ಷಗಳನ್ನು ಕಳೆದವನಿಗೆ, ಡಾಕ್ಟರೇಟ್ ಮಾಡಿದವರು ಎದುರು ಕೂತು ತಲೆಯಾಡಿಸುವುದು ಮೈಸೂರು ಪಾಕಿಗಿಂತ ಸಿಹಿಯಾಗಿತ್ತು.

ನಾನು ಎಂಥ ಧೈರ್ಯಶಾಲಿ ಎನ್ನುವುದಕ್ಕೆ ಇನ್ನೊಂದು ಪ್ರಸಂಗ. ಇಲ್ಲಿಗೆ ಬಂದು ಐವತ್ತು ವರ್ಷವಾದ ಒಬ್ಬ ಹೃದಯದ ಡಾಕ್ಟರು, ನಿವೃತ್ತರು, ಒಂದು ಮಧ್ಯಾಹ್ನ ನನ್ನ ಕಚೇರಿಗೆ ಬಂದರು. ಮಗಳು ಅಮೆರಿಕನ್ನನನ್ನು ಮದುವೆಯಾಗಿದ್ದಾಳೆ, ಮೊಮ್ಮಗನಿಗೆ ರಿವರ್ ಎಂದು ಇಡುತ್ತಿದ್ದಾರೆ.

"ನದಿ ಹೆಸರು ಬೇಡ ಅಂತ ನಾನು ಹೇಳ್ತಿಲ್ಲಪ್ಪ. ಯಾವ ನದಿ ಅಂತಾದ್ರೂ ಬೇಡ್ವಾ? ತುಂಗಭದ್ರಾ ಅಂತ ಇಡ್ಲಿ, ಶಿಂಷಾ ಅಂತ ಇಡ್ಲಿ. ಬರೀ ನದಿ ಅಂದ್ರೆ ಏನರ್ಥ? ನೀವು ಸ್ವಲ್ಪ ಕಾನೂನು ಮಾತಾಡಿ."

ನಾನು ಬಾಗಿಲಿನ ಗಾಜಿನಿಂದ, ಹೊರಗೆ ನಿಂತಿದ್ದ ಆ ಅಳಿಯನನ್ನು ನೋಡಿದೆ. ಆರಡಿ ಎತ್ತರ, ಕೈಯಲ್ಲಿ ಫೋನು. ಕಾನೂನು ಅಂದರೆ ತಕ್ಷಣ ಯಾವ ಸೆಕ್ಷನ್ ಎನ್ನುವವನು. "ಇದು ನನ್ನ ಕೈಯಲ್ಲಿಲ್ಲ ಸರ್, ಅವರು ಹೇಳಿದ್ದನ್ನ ಬರ್ಕೊಳ್ಳೋದಷ್ಟೇ ನಮ್ಮ ಕೆಲಸ," ಅಂದೆ. ನನ್ನ ಕಾನೂನು ಕೆಲಸ ಮಾಡುತ್ತಿದ್ದದ್ದು ಹೆದರಿದವರ ಮೇಲೆ ಮಾತ್ರ.

ಇನ್ನು ಮೇಘನಾಳ ವಿಷಯ.

ಅದು 2022ರ ಬೇಸಿಗೆ. ಮೇಘನಾ, ಪ್ರಶಾಂತ್, ಇಬ್ಬರೂ ಸಾಫ್ಟ್‌ವೇರಿನವರು, ಮೈಸೂರಿನ ಕಡೆಯವರು. ಹೆರಿಗೆಗೆ ಮುಂಚೆಯೇ ಪ್ರಶಾಂತನ ತಾಯಿ ಸಾವಿತ್ರಮ್ಮ ನನಗೆ ಫೋನ್ ಮಾಡಿದ್ದರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮನೆತನದ ಹೆಸರೆಂಬುದೇ ಇಲ್ಲ, ಮಗುವಿನ ಹೆಸರಿನ ಹಿಂದೆ ಅಪ್ಪನ ಹೆಸರು ಇಡುತ್ತೇವೆ. ಮೇಘನಾ ಅಪ್ಪನ ಹೆಸರಿನ ಜಾಗದಲ್ಲಿ ತನ್ನ ಹೆಸರು ಇಡಬೇಕೆಂದಿದ್ದಳು. ಹುಡುಗಿಯಾದರೆ ಇಂಚರಾ ಮೇಘನಾ.

"ಮಗ ಊಂ ಅಂದ್ಬಿಟ್ಟವ್ನೆ," ಅಂದರು ಸಾವಿತ್ರಮ್ಮ. "ಊರಲ್ಲಿ ಏನಂತಾರೆ ಹೇಳಿ. ಅಪ್ಪ ಇಲ್ದಿರೋ ಮಗು ಅಂತಾರೆ. ನಾನು ಹೇಳಿದ್ರೆ ಅತ್ತೆ ಕಾಟ ಅಂತಾಳೆ. ನೀವು ಹೇಳಿದ್ರೆ ಸರ್ಕಾರ ಹೇಳ್ದಂಗೆ."

ಮಗು ಹುಟ್ಟಿದ ಮಾರನೆಯ ದಿನ ಕೋಣೆಗೆ ಹೋದೆ. ಸಾವಿತ್ರಮ್ಮ ಮೂಲೆಯ ಕುರ್ಚಿಯಲ್ಲಿ ಕೂತು ಕಿಟಕಿ ನೋಡುತ್ತಿದ್ದರು, ನಾನು ಯಾರೋ ಗೊತ್ತೇ ಇಲ್ಲದವರಂತೆ. ಮೇಘನಾ ಹೆಸರು ಹೇಳಿದಳು.

"ಅದು ಆಗಲ್ಲಮ್ಮ. ಮದುವೆಯಾಗಿದ್ರೆ ಗಂಡನ ಹೆಸರೇ ಬರಬೇಕು. ಕಾನೂನು."

"ಇಬ್ರೂ ಒಪ್ಪಿದೀವಲ್ಲ ಅಂಕಲ್. ಆಗಲ್ಲ ಅಂತ ಎಲ್ಲಿ ಬರ್ದಿದೆ?"

ನನ್ನನ್ನು ಹಾಗೆ ಕೇಳಿದ ಮೊದಲ ಕನ್ನಡದವಳು ಅವಳು. ಅವಳ ತಾಯಿಗೆ ಮೈಸೂರಿನಲ್ಲಿ ಹೃದಯದ ಆಪರೇಷನ್ ಆಗಬೇಕಿದೆ, ಮಗುವನ್ನು ಕರೆದುಕೊಂಡು ಬೇಗ ಹೊರಡಬೇಕೆಂದಿದ್ದಾಳೆ ಎಂಬುದನ್ನು ಸಾವಿತ್ರಮ್ಮ ಮೊದಲೇ ಹೇಳಿದ್ದರು. ನಾನು ಅದನ್ನು ಉಪಯೋಗಿಸಿದೆ.

"ನೀನು ಹಟ ಮಾಡಿದ್ರೆ ನಾನು ಹಂಗೇ ಬರೆದು ಕಳಿಸ್ತೀನಿ. ರಾಜ್ಯದೋರು ವಾಪಸ್ ಮಾಡ್ತಾರೆ. ಸರ್ಟಿಫಿಕೇಟ್ ಲೇಟಾದ್ರೆ ಪಾಸ್‌ಪೋರ್ಟ್ ಲೇಟು, ಪಾಸ್‌ಪೋರ್ಟ್ ಲೇಟಾದ್ರೆ ಇಂಡಿಯಾ ಲೇಟು. ಆಮೇಲೆ ನನ್ನನ್ನ ಅನ್ನಬೇಡ."

ಅವಳು ಪ್ರಶಾಂತನನ್ನು ನೋಡಿದಳು. ಅವನು ಮಗುವಿನ ಟೋಪಿ ಸರಿಮಾಡುತ್ತಿದ್ದ. "ಸರಿ, ಬರ್ಕೊಳ್ಳಿ" ಅಂದಳು. ಇಂಚರಾ ಪ್ರಶಾಂತ್ ಎಂದು ಬರೆದೆ.

ಅದೇ ವರ್ಷ ನಮ್ಮ ಕಡೆಯವರ ರಾಜ್ಯೋತ್ಸವದಲ್ಲಿ ನನಗೆ ಸನ್ಮಾನ ಮಾಡಿದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಪರದೇಶದಲ್ಲಿ ನಮ್ಮ ಹೆಸರುಗಳನ್ನು ಕಾಪಾಡಿದ ಕಾನೂನು ಪಂಡಿತರು ಎಂದು ಭಾಷಣವಾಯಿತು. ಎರಡನೆಯ ಸಾಲಿನಲ್ಲಿ ಮೇಘನಾ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕೂತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಕೈ ಖಾಲಿ ಇರಲಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಸಿಕ್ಕಿಬಿದ್ದದ್ದು ಮರುವರ್ಷ. ಕಣ್ಣಿನ ಪೊರೆ ತೆಗೆಸಲು ರಜೆ ಹಾಕಿದ್ದೆ. ನನ್ನ ಬದಲಿಗೆ ಮಿಸ್ ವರ್ನೆಟಾ ಕೋಣೆಗಳಿಗೆ ಹೋಗಿದ್ದಾಳೆ. ಒಂದು ತೆಲುಗು ಜೋಡಿ ಅವಳಿಗೆ, ನಾವು ಇಡುವ ಹೆಸರು ನಾಯಿಗಳ ಪಟ್ಟಿಯಲ್ಲಿ ಇಲ್ಲ ತಾನೆ ಎಂದು ಕೇಳಿದರಂತೆ. ನನ್ನ ಕಾನೂನು ಕನ್ನಡದ ಗಡಿ ದಾಟಿತ್ತು. ನಾನು ಕೆಲಸಕ್ಕೆ ಮರಳಿದ ದಿನ ಅವಳು ನಿಯಮಗಳ ಫೈಲನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು.

"ಮಿಸ್ಟರ್ ನಂಜುಂಡ, ನಾಯಿ ಇರೋ ಪುಟ ತೋರಿಸು."

ನಾನು ಪುಟ ತಿರುವಿದೆ. ಇಲ್ಲ ಎಂದು ಗೊತ್ತಿದ್ದೂ ತಿರುವಿದೆ. ಬ್ಯಾಂಡೇಜಿನ ಕಣ್ಣಿನಲ್ಲಿ ನೀರು ಬರುತ್ತಿತ್ತು. ಅವಳು ಕುರ್ಚಿ ಎಳೆದು ಎದುರು ಕೂತಳು. ಮೊದಲು ಅವಳಿಗೆ ನಗು ತಡೆಯಲಾಗಲಿಲ್ಲ. ರಾಕ್ಷಸರ ವಿಷಯ ಹೇಳಿದಾಗ ಕಣ್ಣು ಒರೆಸಿಕೊಂಡಳು. ಆಮೇಲೆ ನಗು ನಿಂತಿತು.

"ನನ್ನ ಅಜ್ಜಿಯ ಅಜ್ಜಿ ಗುಲಾಮಳಾಗಿದ್ದಳು, ಅವಳಿಗೆ ಹೆಸರಿಟ್ಟವರು ಅವಳ ಒಡೆಯರು," ಅಂದಳು. "ಅವಳ ಅಮ್ಮ ಏನಂತ ಕರೀತಿದ್ದಳೋ ನಮಗೆ ಯಾರಿಗೂ ಗೊತ್ತಿಲ್ಲ. ನಾನು ಈ ಕೆಲಸಕ್ಕೆ ಬಂದದ್ದು ಸುಮ್ಮನೆ ಅಂದ್ಕೊಂಡಿದ್ದೀಯಾ?"

ನಾನು ಫೈಲು ಮುಚ್ಚಿದೆ. ಅವಳು ನನ್ನನ್ನು ಕೆಲಸದಿಂದ ತೆಗೆಯಬಹುದಿತ್ತು, ತೆಗೆಯಲಿಲ್ಲ. ನಾನು ದಾರಿ ತಪ್ಪಿಸಿದವರಿಗೆಲ್ಲ ನಾನೇ ಫೋನ್ ಮಾಡಿ ನಿಜ ಹೇಳಬೇಕು, ಬದಲಿಸಬೇಕೆಂದರೆ ದಾರಿ ತೋರಿಸಬೇಕು ಅಂದಳು. ಮಾಡಿದೆ. ಆರ್ಯನ್‌ನ ಅಪ್ಪ ನಕ್ಕುಬಿಟ್ಟ, "ಒಳ್ಳೇದೇ ಆಯ್ತು ಅಂಕಲ್, ಈಗ ಮನೇಲಿ ಅವನೇ ರಾವಣ" ಅಂದ. ಬಹಳ ಮಂದಿ ಅಭ್ಯಾಸವಾಗಿಹೋಗಿದೆ, ಇರಲಿ ಅಂದರು. ಹಗುರವಾಗಿ ತೆಗೆದುಕೊಳ್ಳುವವರಿಗೆಲ್ಲ ಫೋನ್ ಮಾಡಿದೆ. ಮೇಘನಾಗೆ ಮಾಡಲಿಲ್ಲ. ಅವಳು ದೂರು ಕೊಟ್ಟಾಳು ಎಂಬ ಭಯ ಒಂದು, ಕಾಯಿಲೆಯ ತಾಯಿಯನ್ನು ಮುಂದಿಟ್ಟು ಹೆದರಿಸಿದ್ದು ಹೇಗೆ ಹೇಳಲಿ ಎಂಬುದು ಇನ್ನೊಂದು. ಮಿಸ್ ವರ್ನೆಟಾ ಕೇಳಿದಾಗ, ಎಲ್ಲರಿಗೂ ಮಾಡಿದೆ ಅಂದೆ. 2024ರಲ್ಲಿ ನಿವೃತ್ತನಾದೆ. ಅಷ್ಟು ಹೊತ್ತಿಗೆ ತಾಯಿತಂದೆಯರೇ ಟ್ಯಾಬ್ಲೆಟ್ಟಿನಲ್ಲಿ ಹೆಸರು ಒತ್ತುವ ಪದ್ಧತಿ ಬಂದಿತ್ತು. ಒಳ್ಳೆಯ ಪದ್ಧತಿ. ನನ್ನಂಥವನ ಬಾಯಿಗೆ ಅದರಲ್ಲಿ ಜಾಗವಿಲ್ಲ.

ಹೋದ ವರ್ಷ ಮೊಮ್ಮಗಳನ್ನು ಭಾನುವಾರದ ಕನ್ನಡ ಶಾಲೆಗೆ ಬಿಡಲು ಹೋಗುತ್ತಿದ್ದೆ. ಒಂದು ದಿನ ಚಿಕ್ಕ ಮಕ್ಕಳ ಕೋಣೆಯಲ್ಲಿ ಹಾಜರಿ ಕೂಗುತ್ತಿದ್ದರು. "ಇಂಚರಾ ಪ್ರಶಾಂತ್" ಎಂದರು. ಎರಡು ಜುಟ್ಟು ಕಟ್ಟಿದ ಹುಡುಗಿ "ಹಿಯರ್" ಅಂದಳು. ಹೊರಗೆ ಬಂದರೆ ಮೇಘನಾ ಕಾರಿಗೆ ಒರಗಿ ನಿಂತಿದ್ದಳು. ಹಿಂದಿರುಗಿ ಹೋಗುವಷ್ಟು ಸಮಯವಿತ್ತು. ಯಾಕೋ ಹೋಗಲಿಲ್ಲ. ಹತ್ತಿರ ಹೋಗಿ ಹೇಳಿದೆ. ಅಂಥ ಕಾನೂನು ಇರಲಿಲ್ಲ, ನಾನು ಸುಳ್ಳು ಹೇಳಿದೆ, ನಿಮ್ಮಮ್ಮನ ವಿಷಯ ಗೊತ್ತಿದ್ದೇ ಹೆದರಿಸಿದೆ.

"ಗೊತ್ತು ಅಂಕಲ್," ಅಂದಳು. "ಅವತ್ತೇ ಗೊತ್ತಿತ್ತು. ನೀವು ಹೊರಗೆ ಹೋದ ತಕ್ಷಣ ಫೋನಲ್ಲಿ ಸರ್ಚ್ ಮಾಡ್ದೆ."

"ಮತ್ತೆ ಯಾಕಮ್ಮ ಸುಮ್ನಿದ್ದೆ?"

"ನೀವು ಹೋದ್ಮೇಲೆ ಅತ್ತೆ, ನೋಡಪ್ಪ ಗೌರ್ಮೆಂಟೇ ಹೇಳ್ತು ಅಂದ್ರು. ಪ್ರಶಾಂತ್ ಮುಖ ನೋಡ್ದೆ. ರಿಲೀಫ್ ಆಗಿತ್ತು ಅಂಕಲ್ ಅವನಿಗೆ. ಅಮ್ಮನ ಹತ್ರ ಜಗಳ ಆಡೋದು ತಪ್ತು ಅಂತ. ಇನ್ ನಾನು ಯಾರ ಹತ್ರ ಆರ್ಗ್ಯೂ ಮಾಡ್ಲಿ? ಕಾನೂನು ನನ್ನ ಕಡೆನೇ ಇತ್ತು. ರೂಮಲ್ಲಿದ್ದೋರು ಯಾರೂ ಇರ್ಲಿಲ್ಲ."

ನಾನು ತಪ್ಪಾಯ್ತು ಎಂದು ಕೈ ಮುಗಿಯಲು ಹೋದೆ. ತಡೆದಳು.

"ಅದೆಲ್ಲ ಬೇಡ. ಈಗ ಕೋರ್ಟಲ್ಲಿ ಅಪ್ಲೈ ಮಾಡ್ಬಹುದು, ನೋಡಿದೀನಿ. ಪ್ರಶಾಂತ್ ಸೈನ್ ಮಾಡ್ಬೇಕು. ಕಾನೂನೇ ಬಿಡಲ್ಲ ಅಂದ್ಮೇಲೆ ಈಗ ಯಾಕೆ ಎಬ್ಬಿಸ್ತೀಯ ಅಂತಾನೆ. ಅತ್ತೆ ಬಂದಿದಾರೆ. ಮುಂದಿನ ವಾರ ಮನೆಗೆ ಬನ್ನಿ, ಎಲ್ಲರ ಎದುರು ಹೇಳಿ."

ಹೋದೆ. ಸಾವಿತ್ರಮ್ಮ ಉಪ್ಪಿಟ್ಟು ಮಾಡಿದ್ದರು. ತಟ್ಟೆ ಕೈಯಲ್ಲಿ ಹಿಡಿದೇ ಹೇಳಿದೆ, ಅಂಥ ಕಾನೂನು ಆಗಲೂ ಇರಲಿಲ್ಲ, ಈಗಲೂ ಇಲ್ಲ ಎಂದು.

ಸಾವಿತ್ರಮ್ಮ ನಿಜವಾಗಿ ಬೆರಗಾದಂತೆ ಕಂಡರು. "ಏನ್ ಹಿಂಗಂತೀರಾ? ಸರ್ಕಾರದ ಕಾನೂನು ಅಂತ ನೀವೇ ತಾನೆ ಹೇಳಿದ್ದು. ಊರಲ್ಲೆಲ್ಲ ಹಂಗೇ ಹೇಳಿದೀನಿ ನಾನು." ತಾವೇ ಹೇಳಿಸಿದ ಸುಳ್ಳನ್ನು ಇಷ್ಟು ವರ್ಷದಲ್ಲಿ ಅವರೂ ನಂಬಿಬಿಟ್ಟಿದ್ದರು.

ನಾನು ಸುಮ್ಮನಾದೆ. ವಯಸ್ಸಾದವರು, ಅವರ ಹೆಸರು ಯಾಕೆ ತರಲಿ ಎಂದುಕೊಂಡೆ. ಅದನ್ನು ದೊಡ್ಡತನ ಎಂದೂ ಅಂದುಕೊಂಡೆ. ಮೇಘನಾ ನನ್ನನ್ನೇ ನೋಡುತ್ತಿದ್ದಳು.

"ಅಂಕಲ್, ಅರ್ಧ ಹೇಳೋಕೆ ಇಷ್ಟು ದೂರ ಬರ್ಬೇಕಿರ್ಲಿಲ್ಲ."

ಹೇಳಿದೆ. ಫೋನ್ ಬಂದದ್ದು, ಯಾರು ಮಾಡಿದರು, ಏನು ಹೇಳಿದರು. ಪ್ರಶಾಂತ್ ತಾಯಿಯ ಕಡೆ ತಿರುಗಿದ. "ಅಮ್ಮ?"

ಸಾವಿತ್ರಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಹೌದು, ಮಾಡ್ದೆ. ನಿನ್ ಹೆಸ್ರ ಹಿಂದೆ ನಿಮ್ಮಪ್ಪ ಅವ್ರೆ, ನಿನ್ ತಂಗಿ ಹೆಸ್ರ ಹಿಂದೆ ನಿಮ್ಮಪ್ಪ ಅವ್ರೆ. ಮನೆ ಅವರ ಹೆಸ್ರಲ್ಲಿ, ಗ್ಯಾಸ್ ಅವರ ಹೆಸ್ರಲ್ಲಿ. ಹೆತ್ತಿದ್ದು ನಾನು. ನಾನೇನಾದ್ರೂ ಕೇಳಿದ್ನಾ?"

"ಕೇಳ್ಬೇಕಿತ್ತು ಅತ್ತೆ," ಅಂದಳು ಮೇಘನಾ. ಚುಚ್ಚುವ ದನಿಯಲ್ಲಿ ಅಲ್ಲ.

ಸಾವಿತ್ರಮ್ಮ ನನ್ನ ತಟ್ಟೆ ನೋಡಿ, "ತಿನ್ನಿ, ಆರೋಗ್ತಿದೆ" ಅಂದರು.

ಪ್ರಶಾಂತ್ ಅರ್ಜಿಗೆ ಆ ವಾರವೇ ಸಹಿ ಮಾಡಿದ. ಕೋರ್ಟಿನ ಬಾಗಿಲ ಬಳಿ ನೋಟಿಸ್ ಅಂಟಿಸುತ್ತಾರೆ, ಆಕ್ಷೇಪಣೆ ಇದ್ದವರು ಬರಬಹುದು ಎಂದು ಕೇಳಿ ಸಾವಿತ್ರಮ್ಮ, "ಬಾಗಿಲಿಗಾ? ಕಂಡೋರೆಲ್ಲ ಓದಲ್ವಾ?" ಅಂದರಂತೆ. "ಅದನ್ನ ಯಾರೂ ಓದಲ್ಲಮ್ಮ" ಎಂದು ಮಗ ಹೇಳಿದನಂತೆ.

ಪಕ್ಕದ ಊರು ರಾಲಿಯ ಕೋರ್ಟಿಗೆ ಮೇಘನಾ ನನ್ನನ್ನೂ ಕರೆದಳು. ಆಸ್ಪತ್ರೆಯಲ್ಲೇ ಯಾಕೆ ಇಡಲಿಲ್ಲ ಎಂದು ಕೇಳಿದರೆ ಸಾಕ್ಷಿ ಬೇಕು ಎಂದು. ಕೋಟು ಹಾಕಿಕೊಂಡು ಹೋದೆ. ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಳ್ಳುವುದನ್ನು ಮಗಳ ಹತ್ತಿರ ಕಲಿತುಕೊಂಡಿದ್ದೆ. ಈ ರಾಜ್ಯದಲ್ಲಿ ಇಂಥದ್ದನ್ನು ತೀರ್ಮಾನಿಸುವವರಿಗೂ ಕ್ಲರ್ಕ್ ಎಂದೇ ಹೆಸರು, ನ್ಯಾಯಾಧೀಶರ ಅಧಿಕಾರವಿರುವ ಕ್ಲರ್ಕ್. ಕನ್ನಡಕದ ಹಿಂದೆ ದಣಿದ ಕಣ್ಣಿನ ಹೆಂಗಸು. ಕಾಗದ ತಿರುವಿದರು. ನಾನು ಏಳಲು ಮೊಣಕಾಲು ಸರಿಮಾಡಿಕೊಂಡೆ. ಅವರು ಏನನ್ನೂ ಕೇಳಲಿಲ್ಲ. ಯಾಕೆ, ಆಗ ಯಾಕಿಲ್ಲ, ಯಾರು ತಡೆದರು, ಯಾವುದೂ ಅವರಿಗೆ ಬೇಕಿರಲಿಲ್ಲ. ಇಲ್ಲಿ ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಮಾತ್ರ ಕೇಳಿದರು.

ಸಾವಿತ್ರಮ್ಮ ಎದ್ದು ನಿಂತರು. ತೋಳಿನಲ್ಲಿ ಇಂಚರಾ ಇದ್ದಳು. ಮೇಘನಾ ಕಣ್ಣು ಮುಚ್ಚಿಕೊಂಡಳು.

"ಏನ್ ಕೇಳ್ತಾವ್ರೆ?"

"ಬೇಡ ಅನ್ನೋರು ಯಾರಾದ್ರೂ ಇದಾರಾ ಅಂತ, ಅಮ್ಮ."

"ನಾನ್ಯಾಕ್ ಬೇಡ ಅನ್ಲಿ? ಬೇಗ ಬರ್ಕೊಳಕ್ ಹೇಳು. ಮಗು ಹಸ್ಕೊಂಡೈತೆ."

ಅಜ್ಜಿ ಏನು ಹೇಳಿದರು ಎಂದು ಕ್ಲರ್ಕ್ ಕೇಳಿದರು. ಪ್ರಶಾಂತ್ ಅಭ್ಯಾಸಬಲದಿಂದ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಅವನು ಎದ್ದು ನಿಂತ. "ನಮ್ಮ ತಾಯಿಗೆ ಒಪ್ಪಿಗೆ ಇದೆ," ಎಂದು ಇಂಗ್ಲಿಷಿನಲ್ಲಿ ಹೇಳಿ, ಸೇರಿಸಿದ: "ಈ ಹೆಸರು ಬೇಕು ಅಂತ ಕೇಳ್ತಿರೋದು ನನ್ನ ಹೆಂಡತಿ ಒಬ್ಬಳೇ ಅಲ್ಲ. ನಾನೂ ಕೇಳ್ತಿದ್ದೀನಿ."

ಮೇಘನಾ ಕಣ್ಣು ತೆರೆದಳು. ಕ್ಲರ್ಕ್ ಸಹಿ ಹಾಕಿ ಮೊಹರು ಒತ್ತಿದರು.

ಸಾವಿತ್ರಮ್ಮ ಅಷ್ಟರಲ್ಲಿ ಕೂತು, ಚೀಲದಿಂದ ಬಾಳೆಹಣ್ಣು ತೆಗೆದು ಸುಲಿಯತೊಡಗಿದ್ದರು. ಅವರ ತೊಡೆಯ ಮೇಲೆ ಇಂಚರಾ ಮೇಘನಾ ಬಾಯಿ ತೆರೆದು ಕಾಯುತ್ತಿದ್ದಳು.